ಅಚ್ಚಿನ ಬಟ್ಟೆಗೆ ನೇಯ್ಗೆಯ ಹೆಸರು

ನಮ್ಮ ನಗರದ ದೇವರಾಜ ಅರಸು ರಸ್ತೆಯಲ್ಲಾಗಲಿ ಸಯ್ಯಾಜಿ ರಾವ್ ರಸ್ತೆಯಲ್ಲಾಗಲಿ ಬಟ್ಟೆಯಂಗಡಿಗಳನ್ನು ನೋಡುತ್ತ ನಡೆಯುವವರಿಗೆ ಇತ್ತೀಚಿನ ಕೆಲವು ವರ್ಷಗಳಿಂದ ಒಂದು ಸೋಜಿಗವು ಗೋಚರವಾಗುತ್ತಿದೆ. ಇಳಕಲ್ಲಿನ ಸೆರಗು, ಪಾಟಣದ ಪಟೋಲ, ಆಂಧ್ರದ ಕಲಂಕಾರಿ, ಧಾರವಾಡದ ಕಸೂತಿ, ನಮ್ಮದೇ ಆದ ಜರಿಯಂಚಿನ ರೇಷ್ಮೆ, ಇವೆಲ್ಲವೂ ಒಂದೇ ಬಗೆಯ ನುಣುಪಾದ ಬಟ್ಟೆಯ ಮೇಲೆ, ಹೆಚ್ಚುಕಡಿಮೆ ಒಂದೇ ಬೆಲೆಗೆ, ಒಂದೇ ಸಾಲಿನಲ್ಲಿ ತೂಗುಬಿದ್ದಿರುತ್ತವೆ. ಹತ್ತು ಸೀಮೆಗಳ ನೇಕಾರರೂ ಬಣ್ಣಗಾರರೂ ತಿಂಗಳುಗಟ್ಟಲೆ ಕುಳಿತು ಮಾಡತಕ್ಕ ಕೆಲಸವನ್ನು ಒಂದು ಯಂತ್ರವು ಒಂದು ರಾತ್ರಿಯಲ್ಲಿ ಮಾಡಿ ಮುಗಿಸಿದಂತೆ ಕಾಣುತ್ತದೆ. ವಾಸ್ತವವಾಗಿ ಯಂತ್ರವು ಮಾಡಿರುವುದು ನೇಯ್ಗೆಯೂ ಅಲ್ಲ, ಕಸೂತಿಯೂ ಅಲ್ಲ. ಅವುಗಳ ಚಿತ್ರ ಮಾತ್ರ. ಬಟ್ಟೆಯ ಮೇಲಣ ಡಿಜಿಟಲ್ ಮುದ್ರಣವೆಂದು ಹೆಸರಾಗಿರುವ ವಿದ್ಯೆ ಇದೇ.

ಈ ವಿದ್ಯೆಯ ವಿಷಯದಲ್ಲಿ ನಮಗೆ ಯಾವ ದ್ವೇಷವೂ ಇಲ್ಲವೆಂದು ಮೊದಲಿಗೇ ಹೇಳಿಬಿಡುವುದು ಮೇಲು. ಯಂತ್ರವನ್ನು ಕಂಡೊಡನೆ ಧರ್ಮ ಕೆಟ್ಟಿತೆಂದು ಕೂಗುವವರ ಗುಂಪಿಗೆ ನಾವು ಸೇರಿದವರಲ್ಲ. ನಮ್ಮ ಊರಿನ ಹೆಸರನ್ನು ಹೊತ್ತ ರೇಷ್ಮೆಯೇ ಯಂತ್ರದ ಮಗ್ಗದಲ್ಲಿ ಹುಟ್ಟಿದ್ದಲ್ಲವೆ? ನಮ್ಮ ಆಕ್ಷೇಪಣೆ ಇರುವುದು ಹೆಸರಿನ ವಿಷಯದಲ್ಲಿ. ಅಚ್ಚಿನ ಬಟ್ಟೆಯು ಅಚ್ಚಿನ ಬಟ್ಟೆಯೆಂದೇ ಮಾರಾಟವಾಗಲಿ, ಕೊಳ್ಳುವವರು ಸಂತೋಷದಿಂದ ಕೊಳ್ಳಲಿ. ಆದರೆ ಪಾಲಿಯೆಸ್ಟರ್ ನೂಲಿನ ಮೇಲೆ ರೇಷ್ಮೆಯ ಚಿತ್ರವನ್ನು ಒತ್ತಿ, ಅದಕ್ಕೆ ಮೈಸೂರು ರೇಷ್ಮೆ ಎಂಬ ನಾಮಕರಣವನ್ನು ಮಾಡಿ, ಮೈಸೂರಿನ ಬೀದಿಯಲ್ಲಿಯೇ ಮೈಸೂರಿಗೆ ಬಂದ ಯಾತ್ರಿಕನ ಕೈಗೆ ಕೊಡುವುದು ವ್ಯಾಪಾರವಲ್ಲ. ಅದಕ್ಕೆ ಕನ್ನಡದಲ್ಲಿ ಬೇರೆ ಶಬ್ದವುಂಟು.

ಈ ಮುದ್ರಣದ ಕ್ರಮವನ್ನು ವಾಚಕರಲ್ಲಿ ಅನೇಕರು ಕಣ್ಣಾರೆ ಕಂಡಿರಲಾರರಾದ ಕಾರಣ ಅದನ್ನು ಸ್ವಲ್ಪ ವಿವರಿಸುವುದು ಅವಶ್ಯ. ಹಿಂದಿನವರು ಮರದ ಅಚ್ಚನ್ನು ಕೆತ್ತಿ, ಬಣ್ಣದಲ್ಲಿ ಅದ್ದಿ, ಬಟ್ಟೆಯ ಮೇಲೆ ಗುದ್ದಿ ಒತ್ತುತ್ತಿದ್ದರು. ಬಣ್ಣಕ್ಕೊಂದು ಅಚ್ಚು ಬೇಕಾಗುತ್ತಿತ್ತು. ೧೭೮೩ರಲ್ಲಿ ತಾಮಸ್ ಬೆಲ್ ಎಂಬಾತನು ಕೆತ್ತನೆಯ ಉರುಳೆಗಳಿಂದ ಅಚ್ಚೊತ್ತುವ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. ಆ ಬಳಿಕ ಜಾಲರಿಯ ಮೂಲಕ ಬಣ್ಣವನ್ನು ಇಳಿಸುವ ಸ್ಕ್ರೀನ್ ಮುದ್ರಣವು ಬಂತು. ೧೯೬೩ರಲ್ಲಿ ಹಾಲೆಂಡಿನ ಸ್ಟೋರ್ಕ್ ಕಂಪೆನಿಯವರು ತಿರುಗುವ ಜಾಲರಿಯ ಯಂತ್ರವನ್ನು ತೋರಿಸಿದರು. ಇವೆಲ್ಲವುಗಳಲ್ಲಿಯೂ ನಿಯಮವು ಒಂದೇ: ಎಷ್ಟು ಬಣ್ಣವೋ ಅಷ್ಟು ಅಚ್ಚು, ಅಥವಾ ಅಷ್ಟು ಜಾಲರಿ. ಅಷ್ಟು ವೆಚ್ಚವನ್ನು ಮಾಡಿದ ವರ್ತಕನು ಒಂದೇ ಮಾದರಿಯನ್ನು ನೂರಾರು ಮೀಟರು ಒತ್ತದೆ ಬಿಡುವಂತಿರಲಿಲ್ಲ. ಡಿಜಿಟಲ್ ಮುದ್ರಣವು ಈ ನಿಯಮವನ್ನೇ ಮುರಿಯಿತು. ಕಚೇರಿಗಳಲ್ಲಿ ಕಾಗದದ ಮೇಲೆ ಶಾಯಿಯ ಹನಿಗಳನ್ನು ಚಿಮ್ಮಿಸಿ ಅಕ್ಷರವನ್ನು ಮೂಡಿಸುವ ಯಂತ್ರವನ್ನು ಎಲ್ಲರೂ ಬಲ್ಲರು. ಅದನ್ನೇ ಸೀರೆಯ ಅಗಲಕ್ಕಿಂತಲೂ ಮಿಗಿಲಾಗಿ ಹಿಗ್ಗಿಸಿದರೆ ಈ ಯಂತ್ರವಾಗುತ್ತದೆ. ಚಿತ್ರವು ಗಣಕಯಂತ್ರದಲ್ಲಿರುತ್ತದೆ. ಕೂದಲೆಳೆಗಿಂತಲೂ ಕಿರಿದಾದ ರಂಧ್ರಗಳುಳ್ಳ ತಲೆಗಳು ಬಟ್ಟೆಯ ಮೇಲೆ ಅಡ್ಡಲಾಗಿ ಓಡಾಡುತ್ತ, ನಾಲ್ಕಾರು ಮೂಲವರ್ಣಗಳ ಹನಿಗಳನ್ನೇ ಬೆರೆಯಿಸಿ, ಸಾವಿರ ಛಾಯೆಗಳನ್ನು ತೋರಿಸುತ್ತವೆ. ಒಂದು ಸೀರೆ ಬೇಕೆಂದರೆ ಒಂದು, ಸಾವಿರ ಬೇಕೆಂದರೆ ಸಾವಿರ. ಮಾದರಿಯನ್ನು ಬದಲಿಸಲು ಕೆಲವು ನಿಮಿಷಗಳು ಸಾಕು. ೨೦೧೧ರಲ್ಲಿ ಬಾರ್ಸಿಲೋನಾ ನಗರದ ಯಂತ್ರಪ್ರದರ್ಶನದಲ್ಲಿ ತಲೆಗಳು ಓಡಾಡದೆಯೇ ಸ್ಥಿರವಾಗಿ ನಿಂತು, ಕೆಳಗೆ ಬಟ್ಟೆಯೇ ಹರಿದುಹೋಗುವ ಇಟಲಿಯ ಯಂತ್ರವೂ ಕಾಣಿಸಿಕೊಂಡಿತು. ಅದು ನಿಮಿಷಕ್ಕೆ ಹತ್ತಾರು ಮೀಟರು ಒತ್ತಬಲ್ಲುದು.

ಇಷ್ಟರಿಂದಲೇ ರೇಷ್ಮೆಗೆ ಕೇಡೇನೂ ಇಲ್ಲ. ರೇಷ್ಮೆಯ ಮೇಲೆಯೂ ಈ ಯಂತ್ರವು ಬಲು ಸೊಗಸಾಗಿ ಒತ್ತುತ್ತದೆ. ಇಟಲಿಯ ಕೋಮೊ ಸೀಮೆಯ ರೇಷ್ಮೆಯವರು ಇದನ್ನು ಎಲ್ಲರಿಗಿಂತ ಮೊದಲೇ ಕೈಗೆತ್ತಿಕೊಂಡವರಲ್ಲಿ ಸೇರಿದ್ದಾರೆ. ಆದರೆ ರೇಷ್ಮೆಯ ಮೇಲೆ ಒತ್ತುವುದು ಪ್ರಯಾಸದ ಕೆಲಸ. ಬಟ್ಟೆಗೆ ಮೊದಲು ಗಂಜಿಯಂತಹ ದ್ರವ್ಯವನ್ನು ಉಣಿಸಿ ಒಣಗಿಸಬೇಕು. ಇಲ್ಲವಾದರೆ ಶಾಯಿಯು ಹರಡಿ ಗೆರೆಗಳು ಕೆಡುತ್ತವೆ. ರೇಷ್ಮೆಗೆ ಒಗ್ಗುವ ಜಾತಿಯ ಬಣ್ಣವನ್ನೇ ಉಪಯೋಗಿಸಬೇಕು. ಒತ್ತಿಯಾದ ಮೇಲೆ ಹಬೆಯಲ್ಲಿ ಬೇಯಿಸಬೇಕು, ಹಿಡಿಯದೆ ಉಳಿದ ಬಣ್ಣ ಹೋಗುವವರೆಗೆ ತೊಳೆಯಬೇಕು, ಮತ್ತೆ ಒಣಗಿಸಬೇಕು. ನೀರು, ಉಗಿ, ಅನುಭವಸ್ಥರಾದ ಕೆಲಸಗಾರರು, ಎಲ್ಲವೂ ಬೇಕು. ಪಾಲಿಯೆಸ್ಟರಿಗಾದರೋ ಈ ತಾಪತ್ರಯ ಒಂದೂ ಇಲ್ಲ. ಚಿತ್ರವನ್ನು ಕಾಗದದ ಮೇಲೆ ಒತ್ತಿ, ಆ ಕಾಗದವನ್ನು ಬಟ್ಟೆಗೆ ಅಂಟಿಸಿದಂತೆ ಇಟ್ಟು, ಸುಮಾರು ೨೦೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರ್ಧ ನಿಮಿಷ ಅದುಮಿದರೆ, ಬಣ್ಣವು ಆವಿಯಾಗಿ ನೂಲಿನೊಳಗೆ ಹೊಕ್ಕು ನಿಲ್ಲುತ್ತದೆ. ತೊಳೆಯುವ ಕೆಲಸವೇ ಇಲ್ಲ. ಒಂದು ಸಣ್ಣ ಮಳಿಗೆಯಲ್ಲಿಯೂ ಇದು ಸಾಧ್ಯ. ಅನುಕರಣವೆಲ್ಲವೂ ಪಾಲಿಯೆಸ್ಟರಿನ ಮೇಲೆಯೇ ಬಂದು ಬೀಳುವುದಕ್ಕೆ ಕಾರಣವು ಇಲ್ಲಿದೆ. ಯಂತ್ರವು ರೇಷ್ಮೆಯನ್ನು ದ್ವೇಷಿಸಿದ್ದರಿಂದಲ್ಲ, ಪಾಲಿಯೆಸ್ಟರು ಯಂತ್ರಕ್ಕೆ ಸುಲಭವಾಗಿ ಒಲಿದದ್ದರಿಂದ ಹೀಗಾಯಿತು.

ಇನ್ನು ಯಾವುದರ ಹೆಸರು ಕಳವಾಗುತ್ತಿದೆಯೋ ಆ ವಸ್ತುವಿನ ಕಡೆಗೆ ನೋಡೋಣ. ೧೯೧೨ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ, ಸ್ವಿಟ್ಜರ್ಲೆಂಡಿನಿಂದ ಮಗ್ಗಗಳನ್ನು ತರಿಸಿ ನಮ್ಮ ನಗರದಲ್ಲಿ ಸರ್ಕಾರದ ರೇಷ್ಮೆ ನೇಯ್ಗೆಯ ಕಾರ್ಖಾನೆಯನ್ನು ಸ್ಥಾಪಿಸಿದರು. ಮಾನಂದವಾಡಿ ರಸ್ತೆಯ ಆ ಕಾರ್ಖಾನೆಯು ೧೯೮೦ರಿಂದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಆಡಳಿತಕ್ಕೆ ಸೇರಿದೆ. ತಿರುಮಕೂಡಲು ನರಸೀಪುರದಲ್ಲಿ ಗೂಡಿನಿಂದ ನೂಲನ್ನು ಬಿಚ್ಚುತ್ತಾರೆ. ಇಲ್ಲಿ ಅದಕ್ಕೆ ಹುರಿಯನ್ನು ಏರಿಸಿ ನೇಯುತ್ತಾರೆ. ಮೈಸೂರು ಕ್ರೇಪಿನ ರಹಸ್ಯವೆಲ್ಲ ಆ ಹುರಿಯಲ್ಲಿದೆ. ಹೊಕ್ಕಿನ ಎಳೆಗಳಿಗೆ ಒಂದು ಬಾರಿ ಎಡಕ್ಕೂ ಒಂದು ಬಾರಿ ಬಲಕ್ಕೂ ಬಿಗಿಯಾಗಿ ಹುರಿಯನ್ನು ಕೊಟ್ಟು ನೇಯ್ದು, ಆಮೇಲೆ ಸಾಬೂನಿನ ನೀರಿನಲ್ಲಿ ಬೇಯಿಸಿ ರೇಷ್ಮೆಯ ಸಹಜವಾದ ಅಂಟನ್ನು ತೆಗೆದರೆ, ಬಟ್ಟೆಯ ತೂಕದಲ್ಲಿ ಸುಮಾರು ಕಾಲು ಭಾಗವು ಹೋಗಿ, ಬಿಗಿದಿದ್ದ ಎಳೆಗಳು ಸಡಿಲವಾಗಿ ತಮ್ಮಷ್ಟಕ್ಕೆ ಮುದುರಿಕೊಳ್ಳುತ್ತವೆ. ಸೀರೆಯು ಮೈಮೇಲೆ ನೀರಿನಂತೆ ಇಳಿಯುವುದೂ, ಮಡಿಸಿಟ್ಟರೂ ಗೆರೆ ನಿಲ್ಲದಿರುವುದೂ ಈ ಕಾರಣದಿಂದ. ಜರಿಯಲ್ಲಿ ನೂರಕ್ಕೆ ೬೫ ಭಾಗ ಬೆಳ್ಳಿಯೂ ೦.೬೫ ಭಾಗ ಚಿನ್ನವೂ ಇರುವುದೆಂದು ನಿಗಮದವರು ಪ್ರಕಟಿಸಿ ಅದರಂತೆ ನಡೆಯುತ್ತಿದ್ದಾರೆ. ಸೀರೆಯಲ್ಲಿ ಗುರುತಿನ ಸಂಖ್ಯೆಯನ್ನು ನೇಯ್ದಿರುತ್ತಾರೆ. ೨೦೦೫ರಲ್ಲಿ ಮೈಸೂರು ರೇಷ್ಮೆಗೆ ಭೌಗೋಳಿಕ ಸೂಚಕದ ನೋಂದಣಿಯೂ ದೊರಕಿತು. ಅಂದರೆ ಈ ಹೆಸರು ಈಗ ಬರಿಯ ವಾಡಿಕೆಯ ಮಾತಲ್ಲ. ಕಾನೂನಿನ ಪ್ರಕಾರ ಒಡೆತನವುಳ್ಳ ಸ್ವತ್ತು.

ಈ ಸ್ವತ್ತಿಗೆ ಅಂಗಡಿಬೀದಿಯು ಕೊಡುವ ಮರ್ಯಾದೆಯಾದರೂ ಎಂಥದು? ಮೈಸೂರು ರೇಷ್ಮೆಯೆಂದು ನೇರವಾಗಿ ಹೇಳಲು ಧೈರ್ಯ ಸಾಲದವರು "ಸೆಮಿ ಮೈಸೂರು ಸಿಲ್ಕ್" ಎಂಬ ಒಂದು ಹೊಸ ಜಾತಿಯನ್ನೇ ಸೃಷ್ಟಿಸಿದ್ದಾರೆ. ಸೆಮಿ ಎಂದರೆ ಅರ್ಧವೆಂದು ತಾನೆ? ಅರ್ಧ ಹಾಲೆಂದರೆ ಮಿಕ್ಕರ್ಧ ನೀರೆಂದು ಮನೆಯ ಮಕ್ಕಳೂ ಬಲ್ಲರು. ಈ ಅರ್ಧ ರೇಷ್ಮೆಯಲ್ಲಾದರೋ ಬಹುಸಂದರ್ಭಗಳಲ್ಲಿ ರೇಷ್ಮೆಯ ಒಂದೆಳೆಯೂ ಇರುವುದಿಲ್ಲ. ಅರ್ಧವಿರುವುದು ಹೆಸರಿನಲ್ಲಿ ಮಾತ್ರ. ಹೆಸರಿನ ಉಳಿದರ್ಧವಾದ ಮೈಸೂರು ಕೂಡ ಅದರಲ್ಲಿಲ್ಲ, ಏಕೆಂದರೆ ಆ ಬಟ್ಟೆಯ ನೇಯ್ಗೆಯೂ ಅಚ್ಚೂ ಹೆಚ್ಚಾಗಿ ನಡೆಯುವುದು ಸೂರತ್ತಿನಲ್ಲಿ. ಸೂರತ್ತಿನವರ ಸಾಹಸದ ಬಗ್ಗೆ ನಮಗೆ ಗೌರವವಿದೆ. ಅವರು ತಮ್ಮ ಬಟ್ಟೆಗೆ ತಮ್ಮ ಊರಿನ ಹೆಸರನ್ನು ಇಟ್ಟು ಕಳುಹಿಸಿದರೆ ಆ ಗೌರವವು ಇಮ್ಮಡಿಯಾಗುವುದು.

ಹೆಸರು ಬದಲಾದರೆ ವ್ಯಾಪಾರ ಕೆಡುವುದೆಂದು ವರ್ತಕರು ಅಂಜುವುದುಂಟು. ಈ ಅಂಜಿಕೆಗೆ ಆಧಾರವಿಲ್ಲ. ಮರದ ತಿರುಳಿನಿಂದ ತೆಗೆದ ನೂಲು ಮೊದಲು ಬಂದಾಗ ಅದನ್ನು ಕೃತಕ ರೇಷ್ಮೆ, ಆರ್ಟ್ ಸಿಲ್ಕ್ ಎಂದು ಕರೆದು ರೇಷ್ಮೆಯ ಬೆನ್ನೇರಿಯೇ ಮಾರುತ್ತಿದ್ದರು. ೧೯೨೪ರಲ್ಲಿ ಅಮೆರಿಕದ ವರ್ತಕರು ಅದಕ್ಕೆ ರೇಯಾನ್ ಎಂಬ ಸ್ವಂತ ಹೆಸರನ್ನು ಕೊಟ್ಟರು. ರೇಯಾನು ಸತ್ತಿತೆ? ಸಾಯಲಿಲ್ಲ, ತನ್ನ ಹೆಸರಿನಿಂದಲೇ ಬೆಳೆದು, ತನ್ನ ಗುಣಕ್ಕೆ ತಕ್ಕ ಬೆಲೆಯನ್ನು ಪಡೆಯಿತು. ಡಿಜಿಟಲ್ ಅಚ್ಚಿನ ಬಟ್ಟೆಗೂ ಅಂಥ ಗುಣಗಳು ಇಲ್ಲದಿಲ್ಲ. ಹಗುರ, ಅಗ್ಗ, ಒಗೆಯಲು ಸುಲಭ, ಬಣ್ಣಗಳ ವೈಭವವಂತೂ ಕೇಳಬೇಕಾದುದೇ ಇಲ್ಲ. ದಿನವೂ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರುವ ಹೆಂಗಸು ಅದನ್ನು ಉಟ್ಟರೆ ಮೂಗು ಮುರಿಯುವ ಹಕ್ಕು ಯಾರಿಗೂ ಇಲ್ಲ. ಬಡವರ ಮನೆಗೆ ಬಣ್ಣ ಬಂದದ್ದು ನಮಗೂ ಸಂತೋಷವೇ.

ಈ ಸಂಬಂಧದಲ್ಲಿ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ನೋಡಿದವರಿಗೆ ಒಂದು ಸಂಗತಿ ಹೊಳೆಯದಿರದು. ಅಲ್ಲಿ ರವಿವರ್ಮನ ಕೈಯಿಂದಲೇ ಬಂದ ತೈಲಚಿತ್ರಗಳಿವೆ. ಅದೇ ರವಿವರ್ಮನು ೧೮೯೪ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿ, ಲಕ್ಷ್ಮಿಯನ್ನೂ ಸರಸ್ವತಿಯನ್ನೂ ಕೆಲವು ಕಾಸಿಗೆ ಮನೆಮನೆಯ ಗೋಡೆಗೆ ತಲುಪಿಸಿದನು. ಅಚ್ಚಿನಿಂದ ಚಿತ್ರಕಲೆ ಹಾಳಾಯಿತೆಂದು ಆಗಲೂ ಮರುಗಿದವರಿದ್ದರು. ಆದರೆ ಕಲ್ಲಚ್ಚಿನ ಪಟವನ್ನು ತೈಲಚಿತ್ರವೆಂದು ಹೇಳಿ ಯಾರಿಗೂ ಮಾರಲಿಲ್ಲ. ಕೊಂಡವನು ಪಟವೆಂದೇ ಕೊಂಡನು, ಪಟವೆಂದೇ ಪೂಜಿಸಿದನು. ಅಚ್ಚು ತನ್ನ ಹೆಸರನ್ನು ಮರೆಮಾಚದೆ ನಿಂತಾಗ ಮೂಲಕ್ಕೂ ಮಾನ, ಅಚ್ಚಿಗೂ ಮಾನ.

ಮರೆಮಾಚಿದಾಗ ಏನಾಗುವುದೆಂಬುದಕ್ಕೆ ನಮ್ಮ ದೇಶದ ಚರಿತ್ರೆಯೇ ಸಾಕ್ಷಿ. ನಮ್ಮ ಅಜ್ಜಿಯರು ಚೀಟಿಯೆಂದು ಕರೆಯುತ್ತಿದ್ದ ಹೂವಿನ ಅಚ್ಚಿನ ಹತ್ತಿಬಟ್ಟೆಯನ್ನು ಹದಿನೇಳನೆಯ ಶತಮಾನದಲ್ಲಿ ಯೂರೋಪಿನ ಸಿರಿವಂತರು ಮುಗಿಬಿದ್ದು ಕೊಳ್ಳುತ್ತಿದ್ದರು. ಒಗೆದರೂ ಹೋಗದ ಬಣ್ಣವನ್ನು ಹಿಡಿಸುವ ವಿದ್ಯೆಯು ಆಗ ಅವರಿಗೆ ತಿಳಿದಿರಲಿಲ್ಲ. ಇಂಗ್ಲೆಂಡಿನ ಪಾರ್ಲಿಮೆಂಟು ೧೭೦೦ರಲ್ಲಿ ಒಂದು ಕಾಯಿದೆಯಿಂದ ಆಮದನ್ನು ತಡೆಯಿತು. ಅದು ಸಾಲದೆ ೧೭೨೦ರಲ್ಲಿ ಇನ್ನೊಂದು ಕಾಯಿದೆಯನ್ನು ಮಾಡಿ ಉಡುವುದನ್ನೇ ನಿಷೇಧಿಸಿತು. ಆ ಮರೆಯಲ್ಲಿ ಅವರ ಅಚ್ಚಿನವರು ಬೆಳೆದರು, ನಮ್ಮ ಬಳ್ಳಿಗಳನ್ನೂ ಮಾವಿನಕಾಯಿಯ ಮಾದರಿಗಳನ್ನೂ ತಮ್ಮ ಉರುಳೆಗಳ ಮೇಲೆ ಕೆತ್ತಿದರು, ಅನಂತರ ಅದೇ ಬಟ್ಟೆಯನ್ನು ನಮಗೇ ತಂದು ಮಾರಿದರು. ಕಾಶ್ಮೀರದ ಶಾಲಿನ ಮಾವಿನಕಾಯಿಗೆ ಇಂದು ಲೋಕವೆಲ್ಲ ಪೇಯ್ಸ್ಲಿ ಎನ್ನುವುದು, ಅದು ಸ್ಕಾಟ್ಲೆಂಡಿನ ಒಂದು ಊರಿನ ಹೆಸರು! ಹಾಲೆಂಡಿನವರೂ ಜಾವಾ ದ್ವೀಪದ ಬಾಟಿಕ್ಕನ್ನು ಯಂತ್ರದಲ್ಲಿ ಅನುಕರಿಸಿ ಆಫ್ರಿಕದಲ್ಲಿ ದೊಡ್ಡ ಮಾರುಕಟ್ಟೆಯನ್ನು ಕಟ್ಟಿದರು. ಮಾದರಿಯು ಒಮ್ಮೆ ಕೈಬಿಟ್ಟರೆ ಹೆಸರೂ ಅದರ ಹಿಂದೆಯೇ ಹೋಗುತ್ತದೆ. ಆ ಕಾಲದಲ್ಲಿ ನಾವು ಪರಾಧೀನರಾಗಿದ್ದೆವು, ತಡೆಯುವ ಕಾಯಿದೆಯು ನಮ್ಮ ಕೈಯಲ್ಲಿರಲಿಲ್ಲ ಎಂಬ ಸಮಾಧಾನವಿತ್ತು. ಈಗ ಆ ಸಮಾಧಾನವೂ ಇಲ್ಲ.

ಈಗ ಕಾಯಿದೆ ಇದೆ, ಸಾಕಷ್ಟು ಕಟುವಾಗಿಯೇ ಇದೆ. ೧೯೯೯ರ ಭೌಗೋಳಿಕ ಸೂಚಕಗಳ ಕಾಯಿದೆಯು ೨೦೦೩ರಲ್ಲಿ ಜಾರಿಗೆ ಬಂದಿತು. ಸುಳ್ಳು ಸೂಚಕವನ್ನು ಹಚ್ಚಿದವನಿಗೂ, ಅದನ್ನು ಹಚ್ಚಿದ ಸರಕನ್ನು ಮಾರಿದವನಿಗೂ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸವನ್ನೂ, ೫೦,೦೦೦ ರೂಪಾಯಿಗಳಿಂದ ೨ ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ಅದು ವಿಧಿಸುತ್ತದೆ. ಡೆಪ್ಯುಟಿ ಸೂಪರಿಂಟೆಂಡೆಂಟರ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿಯು, ರಿಜಿಸ್ಟ್ರಾರರ ಅಭಿಪ್ರಾಯವನ್ನು ಪಡೆದು, ವಾರಂಟಿಲ್ಲದೆಯೇ ಶೋಧನೆ ಮಾಡಿ ಸರಕನ್ನು ವಶಪಡಿಸಿಕೊಳ್ಳಬಹುದು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಸರಕಿನ ಗುಣದ ಬಗ್ಗೆ ಸುಳ್ಳು ಹೇಳುವುದನ್ನು ಅಕ್ರಮ ವ್ಯಾಪಾರಪದ್ಧತಿಯೆಂದೇ ಎಣಿಸುತ್ತದೆ. ಕೇಂದ್ರ ರೇಷ್ಮೆ ಮಂಡಳಿಯವರು ೨೦೦೪ರಲ್ಲಿ ಆರಂಭಿಸಿದ ಸಿಲ್ಕ್ ಮಾರ್ಕ್ ಗುರುತಿನಿಂದ ನೂಲು ಅಪ್ಪಟ ರೇಷ್ಮೆಯೇ ಎಂಬುದೂ ತಿಳಿಯುತ್ತದೆ. ಆಯುಧಗಳಿಗೆ ಕೊರತೆಯಿಲ್ಲ, ಅವು ಒರೆಯಿಂದ ಹೊರಕ್ಕೆ ಬರುವುದು ಅಪರೂಪ. ಹೆಸರಿನ ನೋಂದಾಯಿತ ಒಡೆಯರು ನಿಗಮದವರೇ ಆಗಿರುವಾಗ, ದೂರು ಕೊಡಬೇಕಾದವರು ಮೊದಲಿಗೆ ಅವರೇ. ಮೈಸೂರಿಗೆ ಬಂದ ಪರಸ್ಥಳದವನು ಮೋಸಹೋಗಿ ಊರಿಗೆ ಹಿಂದಿರುಗಿದ ಮೇಲೆ ಇಲ್ಲಿಯ ನ್ಯಾಯಸ್ಥಾನಕ್ಕೆ ಬರುವನೆಂದು ನಿರೀಕ್ಷಿಸುವುದು ವ್ಯರ್ಥ. ಅವನು ದೂರುವುದು ಅಂಗಡಿಯವನನ್ನಲ್ಲ, ಮೈಸೂರನ್ನು.

ನಿಗಮದವರಿಗೆ ನಮ್ಮದೊಂದು ಅಪ್ರಿಯವಾದ ಮಾತೂ ಇದೆ. ಅವರ ಮಳಿಗೆಗಳಲ್ಲಿ ಬೇಡಿಕೆಗೆ ತಕ್ಕಷ್ಟು ಸೀರೆಗಳು ಸಿಕ್ಕುವುದಿಲ್ಲ. ಕೊಳ್ಳುವವರು ಬೆಳಗಾಗುವ ಮುಂಚೆ ಬಂದು ಸರದಿಯಲ್ಲಿ ನಿಲ್ಲಬೇಕಾದ ದಿನಗಳೂ ಬಂದಿವೆ. ವಸ್ತುವಿಗೆ ಇಷ್ಟು ಆದರವಿರುವುದು ಹೆಮ್ಮೆಯ ವಿಷಯವೇ ಸರಿ. ಆದರೆ ಬರಿಗೈಯಲ್ಲಿ ಹಿಂದಿರುಗಿದ ಗ್ರಾಹಕನು ಎಲ್ಲಿಗೆ ಹೋಗುತ್ತಾನೆ? ಎದುರಿನ ಬೀದಿಗೆ. ಅಲ್ಲಿ ಅದೇ ಬಣ್ಣ, ಅದೇ ಅಂಚು, ಅದೇ ಹೆಸರು, ಹತ್ತನೆಯ ಒಂದು ಪಾಲು ಬೆಲೆ ಅವನನ್ನು ಕಾಯುತ್ತಿರುತ್ತವೆ. ಮಗ್ಗಗಳನ್ನು ಹೆಚ್ಚಿಸುವುದು, ನೇಯುವ ಕೈಗಳನ್ನು ತರಬೇತುಗೊಳಿಸುವುದು, ನರಸೀಪುರದ ನೂಲು ಸಾಲದಿದ್ದರೆ ಅದಕ್ಕೆ ಮಾರ್ಗವನ್ನು ಕಾಣುವುದು, ಇವೂ ನಕಲಿಯನ್ನು ತಡೆಯುವ ಉಪಾಯಗಳೇ. ಹೆಸರು ಅಗ್ಗವಾದರೆ ನಷ್ಟವಾಗುವುದು ಕಾರ್ಖಾನೆಯೊಂದಕ್ಕೇ ಅಲ್ಲ. ಹಿಪ್ಪುನೇರಳೆಯನ್ನು ಬೆಳೆದು, ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪನ್ನು ಹಾಕಿ, ಗೂಡನ್ನು ಮಾರುಕಟ್ಟೆಗೆ ಹೊರುವ ರೈತನವರೆಗೂ ಅದು ಇಳಿಯುತ್ತದೆ.

ನೇಕಾರರಂತೆಯೇ ಇನ್ನೊಂದು ವರ್ಗದವರು ಈ ಯಂತ್ರದ ಮುಂದೆ ನಿರಾಯುಧರಾಗಿ ನಿಂತಿದ್ದಾರೆ. ಅವರು ನಮ್ಮ ಚಿತ್ರಗಾರರು. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೂ ಭೌಗೋಳಿಕ ಸೂಚಕವಿದೆ. ಆದರೆ ಚಿತ್ರಗಾರನೊಬ್ಬನು ವಾರಗಟ್ಟಲೆ ಕುಳಿತು ಬರೆದ ಹೊಸ ಚಿತ್ರವನ್ನು ಪ್ರದರ್ಶನದಲ್ಲಿ ಯಾರೋ ಛಾಯಾಚಿತ್ರ ತೆಗೆದುಕೊಂಡು ಹೋದರೆ, ಮರುವಾರವೇ ಅದು ಸಾವಿರ ಸೆರಗುಗಳ ಮೇಲೆ ಬರಲು ಈಗ ಅಡ್ಡಿಯೇನೂ ಇಲ್ಲ. ಹಿಂದೆ ಹತ್ತು ಜಾಲರಿಗಳ ಖರ್ಚಾದರೂ ಕಳ್ಳನನ್ನು ತಡೆಯುತ್ತಿತ್ತು! ಕಾನೂನು ಇಲ್ಲಿ ಚಿತ್ರಗಾರನಿಗೆ ಆಸರೆಯಾಗುವುದಾದರೂ ಅದರಲ್ಲಿ ಒಂದು ಬಲೆ ಅಡಗಿದೆ, ಅದನ್ನು ಬಲ್ಲವರು ವಿರಳ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೧೫ನೆಯ ಪ್ರಕರಣದಂತೆ, ವಿನ್ಯಾಸವಾಗಿ ನೋಂದಾಯಿಸಲು ಯೋಗ್ಯವಾಗಿದ್ದೂ ನೋಂದಾಯಿಸದೆ ಬಿಟ್ಟ ಮಾದರಿಯನ್ನು, ಅದರ ಒಡೆಯನಾಗಲಿ ಅವನ ಅನುಮತಿಯಿಂದ ಬೇರೊಬ್ಬನಾಗಲಿ ಕೈಗಾರಿಕಾ ಕ್ರಮದಿಂದ ೫೦ಕ್ಕಿಂತ ಹೆಚ್ಚು ಪ್ರತಿಗಳಲ್ಲಿ ತಯಾರಿಸಿದರೆ, ಆ ವಿನ್ಯಾಸದ ಕೃತಿಸ್ವಾಮ್ಯವೇ ಲುಪ್ತವಾಗುತ್ತದೆ. ಐವತ್ತೊಂದನೆಯ ಸೀರೆಯು ಬಂದಾಗ ಹಕ್ಕು ಹೋಯಿತು. ೨೦೦೦ದ ವಿನ್ಯಾಸಗಳ ಕಾಯಿದೆಯಂತೆ ಮೊದಲೇ ನೋಂದಾಯಿಸಿದರೆ ಹತ್ತು ವರ್ಷ, ಮತ್ತೆ ಅರ್ಜಿ ಕೊಟ್ಟರೆ ಇನ್ನೈದು ವರ್ಷ ರಕ್ಷಣೆ ದೊರೆಯುವುದು. ಅದೂ ಹೊಸದಾದ, ಹಿಂದೆಲ್ಲಿಯೂ ಪ್ರಕಟವಾಗದ ವಿನ್ಯಾಸಕ್ಕೆ ಮಾತ್ರ. ಪುರಾತನವಾದ ಗಂಡಭೇರುಂಡವನ್ನೂ ಹಂಸವನ್ನೂ ಯಾರೂ ತಮ್ಮದೆಂದು ಬೇಲಿ ಹಾಕಿಕೊಳ್ಳುವಂತಿಲ್ಲ, ಹಾಕಿಕೊಳ್ಳಲೂ ಬಾರದು. ಆದುದರಿಂದ ಅಚ್ಚಿನವರೊಡನೆ ಒಪ್ಪಂದಕ್ಕೆ ಕೈಹಾಕುವ ಚಿತ್ರಗಾರನು ನೋಂದಣಿಯ ಅರ್ಜಿಯನ್ನು ಮೊದಲು ಕಳುಹಿಸಬೇಕು, ಚಿತ್ರವನ್ನು ಆಮೇಲೆ. ವಕೀಲರಾದ ನಮ್ಮ ವಾಚಕರು ಈ ಬಡಪಾಯಿಗಳಿಗೆ ತಿಂಗಳಿಗೆ ಒಂದು ಸಂಜೆಯನ್ನು ಕೊಟ್ಟರೂ ದೊಡ್ಡ ಉಪಕಾರವಾದೀತು.

ಕಾನೂನನ್ನು ಮುರಿಯದೆಯೂ ಅಚ್ಚು ಕೈಗೆಲಸವನ್ನು ಹಿಂದಕ್ಕೆ ತಳ್ಳಬಲ್ಲುದೆಂಬುದನ್ನು ನಾವು ರಾಷ್ಟ್ರಧ್ವಜದ ವಿಷಯದಲ್ಲಿ ಕಂಡೆವು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ೧೯೫೭ರಲ್ಲಿ ಸ್ಥಾಪಿತವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ನೂತು ನೇಯ್ದು ಹೊಲಿದು ಧ್ವಜವನ್ನು ದೇಶಕ್ಕೆ ಕೊಡುತ್ತ ಬಂದವರು. ೨೦೨೧ರ ಡಿಸೆಂಬರ್ ೩೦ರಂದು ಧ್ವಜಸಂಹಿತೆಯನ್ನು ತಿದ್ದಿ ಪಾಲಿಯೆಸ್ಟರಿಗೂ ಯಂತ್ರಕ್ಕೂ ಅನುಮತಿಯನ್ನು ಕೊಟ್ಟ ಮೇಲೆ, ೨೦೨೨ರ ಆಗಸ್ಟಿನಲ್ಲಿ ಮನೆಮನೆಗೆ ಏರಿದ ಧ್ವಜಗಳಲ್ಲಿ ಅಚ್ಚಿನ ಬಟ್ಟೆಯವು ಎಷ್ಟಿದ್ದುವೆಂಬುದನ್ನು ಎಲ್ಲರೂ ನೋಡಿದ್ದಾರೆ. ಖಾದಿ ಕಾರ್ಯಕರ್ತರು ಪ್ರತಿಭಟಿಸಿದರು. ನಮ್ಮ ನೆರೆಯ ಬದನವಾಳಿನ ಖಾದಿ ಕೇಂದ್ರವನ್ನು ಬಲ್ಲ ಮೈಸೂರಿನವರಿಗೆ ಅವರ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೂ ಅಲ್ಲಿ ಪಾಲಿಯೆಸ್ಟರನ್ನು ಖಾದಿಯೆಂದು ಯಾರೂ ಹೇಳಲಿಲ್ಲ. ಅದು ನೀತಿಯ ತಪ್ಪೋ ಒಪ್ಪೋ ಎಂದು ಬಹಿರಂಗವಾಗಿ ಚರ್ಚಿಸಬಹುದಾದ ವಿಷಯವಾಗಿತ್ತು. ನಮ್ಮ ಸೀರೆಯಂಗಡಿಯ ವ್ಯವಹಾರಕ್ಕೆ ಆ ಮರ್ಯಾದೆಯೂ ಇಲ್ಲ.

ಈ ವಿದ್ಯೆಯನ್ನು ದೂರವಿಡುವುದರಿಂದ ಪ್ರಯೋಜನವಿಲ್ಲವಾದ್ದರಿಂದ, ಅದನ್ನು ನಮ್ಮವರ ಕೈಗೆ ತರುವುದೇ ವಿವೇಕ. ಒಂದೇ ಸೀರೆಯನ್ನು ಒತ್ತಬಲ್ಲ ಯಂತ್ರವು ಬಂಡವಾಳವಿಲ್ಲದ ಕಲಾವಿದನಿಗೆ ಎಂಥ ವರವಾಗಬಲ್ಲುದೆಂಬುದನ್ನು ಯೋಚಿಸಬೇಕು. ಕಾವಾ ಎಂದು ಕರೆಯಲ್ಪಡುವ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಚಿತ್ರ ಬರೆಯಬಲ್ಲ ತರುಣರಿದ್ದಾರೆ; ಕಾರ್ಖಾನೆಯಲ್ಲಿ ಅಪ್ಪಟವಾದ ಕ್ರೇಪ್ ಬಟ್ಟೆಯಿದೆ; ನಗರದಲ್ಲಿಯೇ ೧೯೬೧ರಿಂದ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಿದೆ. ಈ ಮೂರೂ ಒಂದೇ ಊರಿನಲ್ಲಿದ್ದೂ ಒಂದರ ಮುಖವನ್ನೊಂದು ನೋಡದಿರುವುದು ನಮ್ಮ ದೌರ್ಭಾಗ್ಯ. ಅಚ್ಚೊತ್ತಿದ ಕ್ರೇಪ್ ಸೀರೆಯು ನಿಗಮಕ್ಕೆ ಅಪರಿಚಿತವಾದುದಲ್ಲ. ಸಾರ್ವಜನಿಕ ಸಂಸ್ಥೆಯೊಂದರಲ್ಲಿ ರೇಷ್ಮೆಗೆ ಒಗ್ಗುವ ಒಂದು ಡಿಜಿಟಲ್ ಯಂತ್ರವನ್ನೂ, ಅದರೊಡನೆ ಬೇಯಿಸುವ ತೊಳೆಯುವ ಸಲಕರಣೆಗಳನ್ನೂ ಇಟ್ಟು, ಕೂಲಿಯ ಲೆಕ್ಕದಲ್ಲಿ ಸಣ್ಣವರಿಗೆ ಒತ್ತಿಕೊಟ್ಟರೆ, ಮೈಸೂರಿನ ಚಿತ್ರವು ಮೈಸೂರಿನ ರೇಷ್ಮೆಯ ಮೇಲೆ ಮೈಸೂರಿನ ಹೆಸರಿನಿಂದಲೇ ಹೊರಡುವುದು. ತೊಳೆದ ನೀರನ್ನು ಶುದ್ಧಿಮಾಡುವ ವ್ಯವಸ್ಥೆಯನ್ನು ಮಾತ್ರ ಮೊದಲೇ ಮಾಡತಕ್ಕದ್ದು. ಡಿಜಿಟಲ್ ಮುದ್ರಣಕ್ಕೆ ಕಡಿಮೆ ನೀರು ಸಾಕೆಂಬುದು ನಿಜವಾದರೂ, ರೇಷ್ಮೆಯ ವಿಷಯದಲ್ಲಿ ನೀರೇ ಬೇಡವೆಂಬುದು ಜಾಹೀರಾತಿನ ಮಾತು. ಕಪಿಲೆಗೂ ಕಾವೇರಿಗೂ ಈಗಾಗಲೇ ಇರುವ ಹೊರೆ ಸಾಕು. ಇನ್ನು ಶಾಯಿ ಚಿಮ್ಮಿಸುವ ತಲೆಗಳು ಹೆಚ್ಚಾಗಿ ಜಪಾನಿನಿಂದಲೇ ಬರುತ್ತಿವೆ. ಯಂತ್ರದ ಮೈಯನ್ನು ನಮ್ಮ ದೇಶದಲ್ಲಿ ಕಟ್ಟಿದರೂ ತಲೆಯನ್ನು ಹೊರಗಿನಿಂದ ತರುತ್ತಿರುವುದು ಸ್ವದೇಶಾಭಿಮಾನಿಗಳು ಗಮನಿಸತಕ್ಕ ವಿಷ‌ಯ. ಅದನ್ನು ಕುರಿತು ಬೇರೊಂದು ಸಾರಿ ಬರೆಯುವೆವು.

ಕೊಳ್ಳುವ ಮಹಾಜನರಿಗೂ ಕೆಲವು ಸೂಚನೆಗಳನ್ನು ಕೊಡಬಹುದು. ಸೆರಗನ್ನು ತಿರುಗಿಸಿ ಒಳಮೈಯನ್ನು ನೋಡಿರಿ: ನೇಯ್ದ ಚಿತ್ತಾರಕ್ಕೆ ಅಲ್ಲಿ ಎಳೆಗಳ ಹಾದಿಯು ಕಾಣುವುದು, ಅಚ್ಚಿನದಕ್ಕೆ ಬಣ್ಣವು ಮಾಸಿ ತೋರುವುದು. ಜರಿಯೆಂದು ಹೊಳೆಯುವುದು ಬೆರಳಿಗೆ ಎಳೆಯಾಗಿ ಸಿಕ್ಕುವುದೋ ಇಲ್ಲವೋ ತಡವಿ ನೋಡಿರಿ. ಅಂಚಿನಿಂದ ಬಿಚ್ಚಿದ ಒಂದು ನೂಲನ್ನು ಸುಟ್ಟರೆ, ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯು ಬೆರಳಲ್ಲಿ ಪುಡಿಯಾಗುವುದು. ಪಾಲಿಯೆಸ್ಟರಾದರೆ ಕರಗಿ ಗಟ್ಟಿಯಾದ ಮಣಿಯಾಗುವುದು. ಎಲ್ಲಕ್ಕಿಂತ ಸುಲಭವಾದ ಪರೀಕ್ಷೆಯೆಂದರೆ ರಶೀದಿ. ಅಂಗಡಿಯವನು ಬಾಯಲ್ಲಿ ಹೇಳಿದ ಹೆಸರನ್ನೇ ರಶೀದಿಯಲ್ಲಿ ಬರೆದುಕೊಡಲು ಒಪ್ಪುವನೋ ಕೇಳಿರಿ. ಬರೆಯಲು ಹಿಂಜರಿದರೆ ಮುಂದೆ ಮಾತಾಡಬೇಕಾದುದಿಲ್ಲ.

ಅಧಿಕಾರವರ್ಗದವರಲ್ಲಿ ನಮ್ಮ ಕೋರಿಕೆಯು ಸ್ಪಷ್ಟವಾದದ್ದು. ದಸರಾ ಸಮಯದಲ್ಲಿ ನಗರಕ್ಕೆ ಲಕ್ಷಾಂತರ ಮಂದಿ ಬರುತ್ತಾರೆ. ವರ್ಷದ ಮೋಸವು ಬಹುಭಾಗ ನಡೆಯುವುದು ಆಗಲೇ. ಅದಕ್ಕೆ ಎರಡು ತಿಂಗಳು ಮುಂಚಿತವಾಗಿ ಜಿಲ್ಲಾಧಿಕಾರಿಗಳು ನಿಗಮದವರನ್ನೂ ಪೊಲೀಸರನ್ನೂ ರೇಷ್ಮೆ ಇಲಾಖೆಯವರನ್ನೂ ಜವಳಿ ವರ್ತಕರ ಪ್ರತಿನಿಧಿಗಳನ್ನೂ ಒಂದು ಕಡೆ ಸೇರಿಸಲಿ. ನೂಲು ಯಾವುದು, ಚಿತ್ತಾರವು ನೇಯ್ದುದೋ ಅಚ್ಚಿನದೋ ಎಂಬ ಎರಡು ಸಂಗತಿಗಳನ್ನು ಪ್ರತಿಯೊಂದು ಸೀರೆಯ ಚೀಟಿಯಲ್ಲಿಯೂ ಕನ್ನಡದಲ್ಲಿ ಬರೆಯಬೇಕೆಂದು ವರ್ತಕರೇ ಒಪ್ಪಿಕೊಳ್ಳುವಂತೆ ಮಾಡಲಿ. ಪ್ರಾಮಾಣಿಕರಾದ ಅಂಗಡಿಕಾರರು ನಮ್ಮ ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಅವರಿಗೆ ಇದರಿಂದ ಲಾಭವೇ. ರಿಜಿಸ್ಟ್ರಾರರ ಅಭಿಪ್ರಾಯಕ್ಕೆ ಬರೆಯುವ ಕೆಲಸವನ್ನು ನಿಗಮವು ಈಗಲೇ ಮುಗಿಸಿಟ್ಟುಕೊಂಡರೆ, ಒಪ್ಪದೆ ಉಳಿದವರ ಬಾಗಿಲಿಗೆ ಪೊಲೀಸರು ಹಬ್ಬಕ್ಕೆ ಮುಂಚೆಯೇ ಹೋಗಬಹುದು.